ಕಲ್ಲುಕುಟಿಗನ ಫೋನಿನಕ್ಷರ

ಅಜ್ಜ ಸೇತುವೆಯ ಕಲ್ಲಿನಲ್ಲಿ ಅಕ್ಷರ ಕೆತ್ತಿದವನು. ಅಪ್ಪ ಊರಿನ ಅರ್ಧ ಸಮಾಧಿಗಳಿಗೆ ಹೆಸರು ಕೊರೆದವನು. ಅವರ ಕುಡಿಯಾದ ಕಲ್ಲುಕುಟಿಗನಿಗೆ ಫೋನಿನ ಅಕ್ಷರಗಳು ಬರಗಾಲದ ಹುಲ್ಲಿನಂತೆ ಬಡಕಲಾಗಿ ಕಂಡವು. ಅಡುಗೆಮನೆಯ ಮೇಜಿನ ಬಳಿ ಕುಳಿತು, ಯಾವುದೋ ಜಾಲತಾಣದಿಂದ ದಪ್ಪ ಫಾಂಟು ಇಳಿಸಿ, ಫೋನಿನ ಮೂಲ ಅಕ್ಷರಗಳ ಜಾಗಕ್ಕೇ ತುರುಕಿದ. ಕೆತ್ತಿದ ಕಲ್ಲಿಗೆ ಯಾರೂ ನಕಲು ಇಡುವುದಿಲ್ಲ; ಅದೇ ರೂಢಿಯಲ್ಲಿ ಫೋನಿನಲ್ಲಿದ್ದುದಕ್ಕೂ ಇಡಲಿಲ್ಲ. ತೀರಿಹೋದ ಹೆಂಡತಿಯ ಸಂದೇಶಗಳೂ ಸೇರಿ ಫೋನಿನ ಅಕ್ಷರಗಳೆಲ್ಲ ಮರುಗಳಿಗೆಯೇ ಖಾಲಿ ಚೌಕಗಳಾದವು.

"ಮೊದ್ಲು ನಕಲು ತೆಗ್ದಿಟ್ಕೋ ಅಂತ ಬಡ್ಕೊಂಡೆನಲ್ಲಪ್ಪಾ," ಎಂದಳು ಮಗಳು. "ಕೊಡು ಇಲ್ಲಿ. ಪೂರ್ತಿ ಅಳಿಸಿದ್ರೆ ಫೋನು ಸರಿಹೋಗುತ್ತೆ."

"ನಿಮ್ಮಮ್ಮ ಬರೆದದ್ದು?"

"ಅದೂ ಹೋಗುತ್ತೆ."

ಅವನು ಫೋನನ್ನು ಅಂಗಿಯ ಜೇಬಿಗೆ ಇಳಿಸಿದ.

"ಬೇಡ ಮಗಳೇ. ಓದೋಕಾಗ್ದಿದ್ರೂ ಅವಳ ಮಾತು ಒಳಗೇ ಇದೆ. ನಿನ್ನ ಉಪಕಾರ ನಿನ್ ಹತ್ರಾನೇ ಇರ್ಲಿ."