ಮಗ್ಗಿ ಹೇಳುವ ಸರದಿ

ಶೆಟ್ಟಿಹಳ್ಳಿಯಲ್ಲಿರುವ ಮಗಳ ಶಾಲೆಯಿಂದ ಬೆಳಿಗ್ಗೆ ಒಂದು ವಿಡಿಯೋ ಬಂತು. ಮಕ್ಕಳು ತೆಂಗಿನ ಕರಟದಲ್ಲಿ ನೀರು ಅಳೆಯುತ್ತಾ ಲೆಕ್ಕ ಕಲಿಯುತ್ತಿದ್ದರು. ಒದ್ದೆ ಕರಟದ ವಾಸನೆ ಮೂಗಿಗೆ ಬಂದಂತಾಯಿತು.

ನಾನು ಓದಿದ, ಗುಬ್ಬಿ ಹತ್ತಿರದ ನಮ್ಮೂರ ಶಾಲೆ ರಸ್ತೆ ಪಕ್ಕದಲ್ಲಿತ್ತು. ತೋಟಕ್ಕೆ ಹೋಗುವವರಿಗೆ ಮಗ್ಗಿ ಕೇಳಿಸಿದರೆ ಮಾತ್ರ ಪಾಠ ನಡೆಯುತ್ತಿದೆ ಎಂಬ ನಂಬಿಕೆ. ಹೊಸ ಮೇಷ್ಟ್ರು ಕರಟ, ನೀರು ಇಟ್ಟುಕೊಂಡು ಲೆಕ್ಕ ಕಲಿಸಲು ಶುರುಮಾಡಿದ ವಾರವೇ ಅಪ್ಪ ಬಾಗಿಲಲ್ಲಿ ನಿಂತರು.

"ಏನ್ ಮೇಷ್ಟ್ರೇ, ಮಗ್ಗಿ ಸದ್ದೇ ಇಲ್ಲ?"

"ಮಕ್ಳು ಅಳೀತಾವ್ರೆ ಗೌಡ್ರೇ."

"ನೀರಾಡಕ್ಕೆ ನಮ್ಮನೆ ತೊಟ್ಟಿ ಸಾಲ್ದಾ?"

ಮರುದಿನದಿಂದ ಮೇಷ್ಟ್ರು ಕೆಲವರನ್ನು ಕಿಟಕಿಯ ಬಳಿ ಕೂರಿಸಿ, ರಸ್ತೆಗೆ ಕೇಳುವಂತೆ ಮಗ್ಗಿ ಹೇಳಿಸಿದರು. ಉಳಿದವರು ಹಿಂದೆ ಸದ್ದಿಲ್ಲದೆ ಅಳೆಯುತ್ತಿದ್ದರು. ಎಲ್ಲರ ಸರದಿಯೂ ಬದಲಾಗುತ್ತಿತ್ತು, ನನ್ನದೊಂದು ಬಿಟ್ಟು.

"ನಿನ್ ಗಂಟ್ಲು ತೋಟದವರ್ಗೂ ಹೋಗ್ತದೆ ಕಣೋ. ನಾಳೆ ಅಳೆಯೋಕೆ ಬಿಡ್ತೀನಿ," ಎನ್ನುತ್ತಿದ್ದರು ಮೇಷ್ಟ್ರು. ಆ ನಾಳೆ ಬರುವ ಮೊದಲೇ ಅವರಿಗೆ ವರ್ಗವಾಯಿತು. ಕರಟಗಳು ಯಾರದೋ ಬಚ್ಚಲೊಲೆಗೆ ಹೋದವು. ನನ್ನ ಮಗ್ಗಿ ಕೇಳುತ್ತಾ ತೋಟಕ್ಕೆ ಹೋಗುತ್ತಿದ್ದ ಅಪ್ಪನಿಗೆ ಮಾತ್ರ ಸಮಾಧಾನವಿತ್ತು.

ವಿಡಿಯೋದಲ್ಲಿ ಮಗಳು ಎಲ್ಲರ ಮುಂದೆ ನಿಂತು ಇಂಗ್ಲಿಷಿನಲ್ಲಿ ವಿವರಿಸುತ್ತಿದ್ದಳು. ಸಂಜೆ ಕೇಳಿದೆ, "ನೀನೂ ಅಳೆದ್ಯಾ?"

"ಇಲ್ಲಪ್ಪ. ನನ್ ವಾಯ್ಸ್ ಜೋರಲ್ವಾ, ಮಿಸ್ಸು ಹೇಳೋಕೆ ಮುಂದೆ ನಿಲ್ಸಿದ್ರು."

ಒಳಗೆ ನಮ್ಮಪ್ಪ ಅದೇ ವಿಡಿಯೋವನ್ನು ಮತ್ತೆ ಹಾಕಿಸಿಕೊಂಡು, ಕಣ್ಣು ಮುಚ್ಚಿ ಕೇಳುತ್ತಿದ್ದರು.