ಒಂದೇ ನಂಬರಿನ ಎರಡು ಹೊಲ

ತೊಂಬತ್ತರ ದಶಕದ ನಡುವಿನ ಮಾತು. ಹಗಲು ಸಿಂಧನೂರಿನ ಒಂದು ಕಂಪ್ಯೂಟರ್ ಸೆಂಟರಿನಲ್ಲಿ ಕೆಲಸ, ಸಂಜೆ ಪತ್ರಿಕೆಯೊಂದಕ್ಕೆ ಸುದ್ದಿ ಕಳಿಸುವುದು. ಇದು ನನ್ನ ದಿನಚರಿ. ಸೆಂಟರಿನಲ್ಲಿದ್ದದ್ದು ಎರಡು ಕಂಪ್ಯೂಟರ್, ಕಿರ್ರೆನ್ನುವ ಒಂದು ಪ್ರಿಂಟರ್. ಮಸ್ಕಿ, ಲಿಂಗಸುಗೂರು ಕಡೆಯ ರೈತರು ಬೀಜದ ಕಂಪನಿಯೊಂದಕ್ಕಾಗಿ ಹೈಬ್ರಿಡ್ ಹತ್ತಿ ಬೀಜ ಬೆಳೆಯುತ್ತಿದ್ದರು. ಅವರ ಪಟ್ಟಿ ನನ್ನ ಸುಪರ್ದಿಯಲ್ಲಿತ್ತು. ರೈತನಿಗೊಂದು ಸಾಲು, ಸಾಲಿನ ಮೊದಲಿಗೆ ಒಂದು ನಂಬರ್, ಆಮೇಲೆ ಹೆಸರು, ಊರು, ಹತ್ತಿಯ ತಳಿ. ನಂಬರ್ ಕೊಟ್ಟರೆ ಕಂಪ್ಯೂಟರ್ ಆ ಸಾಲನ್ನು ಹುಡುಕಿ ಮುಂದಿಡುತ್ತಿತ್ತು.

ಆ ವರ್ಷ ಸುಮಾರು ನಲವತ್ತು ಮಂದಿ ಇನ್ನೊಂದು ಹೊಲದಲ್ಲಿ ಎರಡನೆಯ ತಳಿಯನ್ನೂ ಹಾಕಿದರು. ಕಂಪನಿಯ ಪರವಾಗಿ ಊರೂರು ತಿರುಗುತ್ತಿದ್ದ ಆರ್ಗನೈಸರ್ ಬಂದು ನನ್ನ ಪಕ್ಕ ಕೂತ.

"ಅದ ಹೆಸರು, ಅದ ಊರು. ಮತ್ತ ಯಾಕ ಕುಟ್ಟಾಕತ್ತೀರಿ? ಇದ್ದ ಸಾಲು ಇನ್ನೊಂದು ಸಲ ಇಳಿಸ್ರಿ, ತಳಿ ಅಷ್ಟ ಬದಲ ಮಾಡ್ರಿ."

"ನಂಬರ?"

"ಅದನ್ನ ಮುಟ್ಟಬ್ಯಾಡ್ರಿ. ಮಂದಿ ಮನಿ ಬಾಗಲ ಬಾಜೂಕ ಸುಣ್ಣದಾಗ ಬರಕೊಂಡಾರ. ಹೇಣ್ತಿ ಹೆಸರು ಮರತರೂ ನಂಬರ ಮರಿಯಂಗಿಲ್ಲ."

ನಕ್ಕು ಹಾಗೇ ಮಾಡಿದೆ. ನಲವತ್ತು ಸಾಲಿನ ನಕಲು ಹತ್ತು ನಿಮಿಷದಲ್ಲಿ ಮುಗಿಯಿತು.

ಬೆಳೆ ಬಂದ ಮೇಲೆ ಪ್ರತಿ ಹೊಲದ ಬೀಜದಿಂದ ಒಂದು ಸಣ್ಣ ಬಟ್ಟೆಚೀಲ ತಳಿಶುದ್ಧಿಯ ಪರೀಕ್ಷೆಗೆ ಹೋಯಿತು. ಯಾರ ಬೀಜವೆಂದು ಪರೀಕ್ಷೆ ಮಾಡುವವರಿಗೆ ಗೊತ್ತಾಗಬಾರದು, ಹಾಗಾಗಿ ಚೀಲದ ಮೇಲೆ ನಂಬರ್ ಮಾತ್ರ. ಫಲಿತಾಂಶ ಫ್ಲಾಪಿಯಲ್ಲಿ ಬಂತು. ಪ್ರತಿ ಸಾಲಿನ ಎದುರು ಪಾಸೋ ಫೇಲೋ ಎಂದು ಅಚ್ಚು ಹಾಕಿ, ಚೀಟಿಗಳನ್ನು ರೈತರಿಗೆ ಕಳಿಸಿದೆ.

ಎರಡು ದಿನದ ನಂತರ ಬೆಳಿಗ್ಗೆ ಮಸ್ಕಿ ಬಸ್ಸಿನಿಂದ ಒಬ್ಬ ಹೆಂಗಸು ಇಳಿದು ನೇರ ನಮ್ಮ ಮೆಟ್ಟಿಲು ಹತ್ತಿ ಬಂದಳು. ಗಂಡ ಕುರಿ ಹಿಂಡಿನ ಹಿಂದೆ ಹೋಗಿದ್ದ. ಎರಡು ಹೊಲವನ್ನೂ ಮಾಡಿದವಳು ಅವಳೇ. ಎರಡು ಚೀಟಿಗಳನ್ನು ಮೇಜಿನ ಮೇಲೆ ಇಟ್ಟಳು. ಎರಡರಲ್ಲೂ ಫೇಲ್.

"ಇದನ್ನ ಬರದವ್ರು ಯಾರ್ರಿ?"

"ನಾನ ಅಕ್ಕಾರ."

"ನೀನ ಏನಪಾ. ಮೂಲಿ ಹೊಲದ ಬದುವಿನ ಆಚಿ ಮಂದಿ ಬ್ಯಾರೆ ಹತ್ತಿ ಹಾಕಿದ್ರು, ಹುಳ ಹಾರಾಡಿ ಆ ಹೂವಿನ ಪುಡಿ ತಂದು ಕೆಟ್ಟೈತಿ ಅಂದ್ರ ಒಪ್ತೀನಿ. ಕೆರಿ ಹೊಲ ಹೆಂಗ ಕೆಡತೈತಿ? ಅದರ ಸುತ್ತಮುತ್ತ ಒಂದು ಹತ್ತಿ ಗಿಡ ಇಲ್ಲ."

ಕೆರೆ ಹೊಲದ್ದು ಎಂಟು ಮೂಟೆ, ಮೂಲೆ ಹೊಲದ್ದು ಎರಡು. ಹತ್ತೂ ಲಿಂಗಸುಗೂರಿನ ಗೋದಾಮಿನಲ್ಲಿದ್ದವು. ಪಾಸಾದ ಬೀಜ ಹೊತ್ತ ಲಾರಿ ಅವತ್ತೇ ನಾಲ್ಕಕ್ಕೆ ಹೊರಡುವುದಿತ್ತು. ಉಳಿದದ್ದು ಎಣ್ಣೆ ಮಿಲ್ಲಿಗೆ. ಒಂದು ವರ್ಷದ ದುಡಿತ ಗಾಣಕ್ಕೆ ಬೀಳುವುದರಲ್ಲಿತ್ತು.

ಫ್ಲಾಪಿ ತೆರೆದು ನೋಡಿದೆ. ನೂರಾ ಹದಿನೆಂಟು, ಫೇಲ್. ಅದರ ಕೆಳಗೆ ಮತ್ತೆ ನೂರಾ ಹದಿನೆಂಟು, ಪಾಸ್. ಕಂಪ್ಯೂಟರ್ ಎರಡು ಸಲವೂ ಮೊದಲು ಸಿಕ್ಕ ನೂರಾ ಹದಿನೆಂಟರಲ್ಲೇ ನಿಂತು, ಅದರ ಫೇಲನ್ನೇ ಎತ್ತಿಕೊಂಡು ಹಿಂದಿರುಗಿತ್ತು. ತಪ್ಪು ಅದರದಲ್ಲ. ಸಾಲು ಈಗ ರೈತನದಲ್ಲ, ಹೊಲದ್ದು. ನಂಬರ್ ಮಾತ್ರ ರೈತನದೇ ಉಳಿದಿತ್ತು. ಉಳಿಸಿದವನು ನಾನು.

"ನಿಮ್ಮ ಒಂದು ಹೊಲ ಪಾಸ್ ಆಗೈತ್ರಿ," ಎಂದೆ.

"ಯಾವುದು?"

"ಅದ ಗೊತ್ತಾಗವಲ್ದು. ಎರಡೂ ಚೀಲದ ಮ್ಯಾಲ ಒಂದ ನಂಬರ ಐತಿ."

"ಅವಳಿ ಕೂಸಿಗಿ ಒಂದ ಹೆಸರು ಇಟ್ಟಂಗ ಮಾಡಿಯಲ್ಲೋ ತಮ್ಮಾ! ದಾರ ನೋಡಬೇಕಪಾ, ದಾರ."

ಆಗ ಅವಳು ಹೇಳಿದ್ದು ನನಗೆ ಹೊಸದು. ಕೈಯಿಂದ ಪರಾಗ ಮುಟ್ಟಿಸಿ ಕ್ರಾಸ್ ಮಾಡಿದ ಹೂವಿನ ತೊಟ್ಟಿಗೆ ಹೆಣ್ಣಾಳುಗಳು ಗುರುತಿಗೆ ದಾರ ಕಟ್ಟುತ್ತಾರೆ. ಮೊದಲ ತಳಿಗೆ ಕೆಂಪು, ಎರಡನೆಯದಕ್ಕೆ ಬಿಳಿ. ಉಳಿದ ದಾರದಿಂದಲೇ ಆ ಹೊಲದ ಬಟ್ಟೆಚೀಲದ ಬಾಯಿ ಹೊಲಿಯುತ್ತಾರೆ. ಅವಳ ಕೆರೆ ಹೊಲದ್ದು ಕೆಂಪು.

"ನೀವೊಬ್ರ ಹಿಂಗ ಮಾಡ್ತೀರೇನ್ರಿ?"

"ಎಲ್ಲಾ ಊರಾಗೂ ಹಿಂಗ. ಕೇಳಿದವ್ರು ಯಾರು?"

ನಾನು ಕೂತಲ್ಲಿ ಕೂರಲಿಲ್ಲ. ಎಸ್‌ಟಿಡಿ ಬೂತಿಗೆ ಓಡಿ ಗೋದಾಮಿನಲ್ಲಿದ್ದ ಆರ್ಗನೈಸರನನ್ನು ಹಿಡಿದೆ. ತಳ ಬಿಚ್ಚಿ ಬೀಜ ತೆಗೆದು ಪರೀಕ್ಷೆಯವರು ವಾಪಸ್ ಕಳಿಸಿದ ಚೀಲಗಳು ಟ್ರಂಕಿನಲ್ಲಿದ್ದವು, ಪ್ರತಿಯೊಂದಕ್ಕೂ ಫಲಿತಾಂಶದ ಚೀಟಿ ಚುಚ್ಚಿತ್ತು. "ಆದ್ರ ಕಾಗದ ಇಲ್ದ ಒಂದು ಮೂಟಿನೂ ಲಾರಿ ಹತ್ತಂಗಿಲ್ಲ," ಎಂದ. "ಜಲ್ದಿ ಬರ್ರಿ."

ಹನ್ನೊಂದು ಗಂಟೆ. ನಕಲು ಮಾಡಿದ ನಲವತ್ತು ಸಾಲುಗಳನ್ನು ಬೇರೆ ಫೈಲಿಗೆ ತೆಗೆದೆ. ಹಳೆಯ ನಂಬರನ್ನು ಪಕ್ಕದ ಹೊಸ ಅಂಕಣಕ್ಕೆ ಸರಿಸಿದೆ, ಯಾವುದರಿಂದ ಹುಟ್ಟಿದ ಸಾಲು ಎಂಬುದು ಕಳೆಯಬಾರದು. ಪಟ್ಟಿಯ ಕೊನೆಯ ನಂಬರ್ ನಾನೂರಾ ಹನ್ನೆರಡು. ಅಲ್ಲಿಂದ ಮುಂದೆ ಒಂದೊಂದೇ ಹೆಚ್ಚಿಸುತ್ತ ಹೊಸ ನಂಬರ್ ಕೊಡುವಂತೆ ಒಂದೇ ಆಜ್ಞೆ ಬರೆದೆ. ಒತ್ತಿದೆ. ನಾನೂರಾ ಹದಿಮೂರು, ಹದಿನಾಲ್ಕು, ಹದಿನೈದು... ಪರದೆಯ ಮೇಲೆ ನಲವತ್ತು ಹೊಲಗಳು ತಮ್ಮದೇ ಗುರುತು ಪಡೆದು ಸಾಲಾಗಿ ನಿಂತವು. ಅವನ್ನು ಮೂಲ ಪಟ್ಟಿಗೆ ಸೇರಿಸಿ, ನಂಬರಿನ ಪ್ರಕಾರ ಜೋಡಿಸಿ, ಮೇಲಿನಿಂದ ಕೆಳಗಿನವರೆಗೆ ಬೆರಳಿಟ್ಟು ಓದಿದೆ. ಒಂದೂ ಎರಡು ಸಲ ಬರಲಿಲ್ಲ! ಕೆರೆ ಹೊಲ ನೂರಾ ಹದಿನೆಂಟು. ಮೂಲೆ ಹೊಲ ನಾನೂರಾ ಮೂವತ್ತೊಂದು. ಎರಡೆರಡು ಹೊಲ ಇದ್ದವರ ಫಲಿತಾಂಶದ ಜಾಗವನ್ನು ಖಾಲಿ ಬಿಟ್ಟು ಅಚ್ಚು ಹಾಕಿದೆ. ದಾರವನ್ನು ಕಣ್ಣಿಂದ ನೋಡದೆ ತುಂಬುವಂತಿರಲಿಲ್ಲ.

ಲಿಂಗಸುಗೂರಿನ ಬಸ್ಸಿನಲ್ಲಿ ಕಾಗದದ ಸುರುಳಿ ತೊಡೆಯ ಮೇಲಿಟ್ಟುಕೊಂಡು ಕೂತೆ. ಜೊತೆಗೆ ಹತ್ತಿದ್ದ ಅವಳು ಮಸ್ಕಿ ಬಂದಾಗಲೂ ಇಳಿಯಲಿಲ್ಲ.

"ಕೆಂಪು ಫೇಲ್ ಆಗಿದ್ರ ಏನ್ ಮಾಡ್ತೀರಿ?" ಎಂದು ಕೇಳಿದೆ.

"ಬಾಯಿ ಮುಚ್ಚಿಕೊಂಡು ಮನಿಗಿ ಹೋಗ್ತೀನಿ. ನೀ ಮೊದಲ ನೋಡು."

ಗೋದಾಮು ಮುಟ್ಟಿದಾಗ ಲಾರಿಗೆ ಮೂಟೆ ಏರುತ್ತಿದ್ದವು. ಆರ್ಗನೈಸರ್ ಟ್ರಂಕಿನಲ್ಲಿ ತಡಕಾಡಿ ನೂರಾ ಹದಿನೆಂಟರ ಎರಡು ಚೀಲಗಳನ್ನು ತೆಗೆದ. ನಾನೇ ಅವನ್ನು ಬಾಗಿಲ ಬೆಳಕಿಗೆ ಒಯ್ದೆ. ಒಂದರ ಚೀಟಿಯಲ್ಲಿ ಫೇಲ್. ಬಾಯಿ ಬಿಳಿ ದಾರದ್ದು. ಇನ್ನೊಂದು ಪಾಸ್. ಕೆಂಪು ದಾರ, ಒತ್ತೊತ್ತಾದ ಹೊಲಿಗೆ.

"ಕೆಂಪು ಪಾಸ್ರಿ!" ನನ್ನ ದನಿ ಹಮಾಲರಿಗೂ ಕೇಳಿಸಿತು.

"ಕೂಗಬ್ಯಾಡ, ಬರಿ," ಎಂದಳು.

ನೂರಾ ಹದಿನೆಂಟರ ಎದುರು ಪಾಸ್ ಎಂದು ಬರೆದೆ, ನಾನೂರಾ ಮೂವತ್ತೊಂದರ ಎದುರು ಫೇಲ್. ಆರ್ಗನೈಸರ್ ಎರಡಕ್ಕೂ ಸಹಿ ಹಾಕಿದ. ಉಳಿದವರ ಚೀಲಗಳನ್ನೂ ಒಂದೊಂದಾಗಿ ದಾರ ನೋಡಿ ತುಂಬಿದೆವು. ಇನ್ನೂ ಮೂವರ ಒಳ್ಳೆಯ ಬೀಜ ಎಣ್ಣೆ ಮಿಲ್ಲಿನ ರಾಶಿಯಿಂದ ಹೊರಬಂತು. ಡ್ರೈವರ್ ಹಾರ್ನ್ ಹೊಡೆಯುತ್ತಲೇ ಇದ್ದ. ಲಾರಿ ಒಂದು ತಾಸು ತಡವಾಯಿತು.

ಅವಳು ಲಾರಿಯ ಹಿಂದೆ ನಿಂತು ತನ್ನ ಎಂಟು ಮೂಟೆಗಳನ್ನೂ ಎಣಿಸಿಯೇ ಹತ್ತಿಸಿದಳು. ಆಮೇಲೆ ಗೋಡೆಯ ಕಡೆ ಉಳಿದ ಎರಡನ್ನು ನೋಡಿ ನನ್ನತ್ತ ತಿರುಗಿದಳು.

"ಆ ಮೂಲಿ ಹೊಲಕ್ಕ ಮುಂದಿನ ವರ್ಷ ತೊಗರಿ ಹಾಕ್ತೀನಿ. ನಿನ್ನ ಪಟ್ಟ್ಯಾಗಿಂದ ಅದರ ಸಾಲು ತಗದಬಿಡಪಾ."