ನಂಜಿಲ್ಲದ ಅಡುಗೆ

ನನ್ನ ಅಮ್ಮ ತನ್ನ ಕೊನೆಯ ಹನ್ನೊಂದು ವರ್ಷ ಬದನೆಕಾಯಿ ತಿನ್ನಲಿಲ್ಲ. ಅವಳಿಗೆ ಅದೆಂದರೆ ಪ್ರಾಣ. ಬಿಟ್ಟದ್ದು ಅಪ್ಪನ ಕೈ ತುರಿಕೆಗಾಗಿ.

ಅಪ್ಪ ಗಾರೆ ಕೆಲಸದವನು. ಗೋಡೆಯ ಮೂಲೆಗಳನ್ನು ಕರಣೆ ಪಕ್ಕಕ್ಕಿಟ್ಟು ಬರಿಗೈಯಲ್ಲೇ ತೀಡಿ ನುಣ್ಣಗೆ ಮಾಡುತ್ತಿದ್ದ. ಅದೇ ಅವನ ಹೆಚ್ಚುಗಾರಿಕೆ. ನಲವತ್ತು ದಾಟಿದ ಮೇಲೆ ಬೆರಳ ಸಂದಿಯಲ್ಲಿ ಕೆಂಪು ಗುಳ್ಳೆಗಳೆದ್ದವು. ಬರಬರುತ್ತಾ ಚರ್ಮ ದಪ್ಪಗಾಗಿ, ಬಿರಿದು, ನೀರು ಒಸರತೊಡಗಿತು. ಔಷಧಿ ಅಂಗಡಿಯವನು ಕೊಟ್ಟ ಟ್ಯೂಬು ಹಚ್ಚಿದರೆ ನಾಲ್ಕು ದಿನ ಆರಾಮ, ಐದನೆಯ ದಿನ ಎರಡರಷ್ಟು.

"ಊಟದ ನಂಜು ಕಣಮ್ಮ ಅದು, ಬದನೆಕಾಯಿ ನಿಲ್ಸು" ಎಂದಳು ಎದುರುಮನೆ ಅಜ್ಜಿ. ನನಗೆ ಸಿಮೆಂಟಿನ ಮೇಲೆ ಅನುಮಾನವಿತ್ತು. ಹೇಳಿದೆ. ಅಪ್ಪ ನಕ್ಕುಬಿಟ್ಟ. "ಇಪ್ಪತ್ತು ವರ್ಷ ಮುಟ್ಟಿದ್ದೀನಿ, ಆಗ ಬರದೇ ಇದ್ದದ್ದು ಈಗ ಬರುತ್ತಾ? ನಿಮ್ಮಮ್ಮನ ಕೈಗುಣ ಇದು."

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ಅಮ್ಮ ಅಡುಗೆಮನೆ ಬಾಗಿಲ ಹಿಂದೆ ಸೀಮೆಸುಣ್ಣದಲ್ಲಿ, ಇನ್ನು ಮಾಡಬಾರದ್ದೆಂದು, ಬದನೆಕಾಯಿ ಎಂದು ಬರೆದಳು. ಮುಂದಿನ ಸಲ ಕೈ ಒಡೆದಾಗ ಕಡಲೆಕಾಯಿ. ಆಮೇಲೆ ಮೊಟ್ಟೆ, ಕುಂಬಳಕಾಯಿ, ಟೊಮೇಟೊ. ಅಪ್ಪ ತಟ್ಟೆ ಮುಂದೆ ಕೂತರೆ ಮೊದಲ ಮಾತೇ, "ಇವತ್ತೇನು ಹಾಕಿ ಸಾಯಿಸ್ತಿದ್ದೀಯ?" ನಿನಗೊಬ್ಬಳಿಗೆ ಬೇರೆ ಮಾಡಿಕೋ ಎಂದು ನಾನು ಅಮ್ಮನಿಗೆ ಹೇಳಿದರೆ, "ಎರಡೆರಡು ಅಡುಗೆ ಮಾಡೋಕೆ ಇದೇನು ಛತ್ರವೇನೇ?" ಎಂದು ನನ್ನನ್ನೇ ನಗಿಸಲು ನೋಡುತ್ತಿದ್ದಳು. ನನಗೆ ನಗು ಬರುತ್ತಿರಲಿಲ್ಲ.

ಹನ್ನೊಂದನೆಯ ವರ್ಷ ಅವಳ ಶ್ವಾಸಕೋಶದಲ್ಲಿ ನೀರು ತುಂಬಿತು. ಅಪ್ಪ ಕೆಲಸ ಬಿಟ್ಟು ಇಪ್ಪತ್ತೆರಡು ದಿನ ಆಸ್ಪತ್ರೆಯಲ್ಲೇ ಇದ್ದ, ಕ್ಯಾಂಟೀನಿನಲ್ಲಿ ಉಂಡ. ಅವನ ಕೈ ಒಣಗಿತು. ಬಿರುಕು ಮುಚ್ಚಿ, ಹೊಸ ಚರ್ಮ ಬಂತು. ಅವನು ಆ ಎರಡೂ ಕೈಗಳನ್ನು ಅವಳ ಮುಖದ ಮುಂದೆ ಹಿಡಿದ.

"ನೋಡಿದ್ಯಾ? ನಿನ್ನ ಅಡುಗೆ ಬಿಟ್ಟಿದ್ದಕ್ಕೇ ವಾಸಿಯಾಯ್ತು."

ಅಮ್ಮ ಆ ಕೈಗಳನ್ನು ಮುಟ್ಟಿ ನೋಡಿದಳು. ಆಮೇಲೆ ನನ್ನತ್ತ ತಿರುಗಿ, "ಇನ್ಮೇಲೆ ನೀನೇ ಅಡುಗೆ ಮಾಡು ಮಗಳೇ. ನನ್ನ ಕೈಯೇ ಸರಿಯಿಲ್ಲ" ಎಂದಳು. ಮೂರನೆಯ ದಿನ ತೀರಿಕೊಂಡಳು. ಹಾಗೆ ನಂಬಿಕೊಂಡೇ ಹೋದಳು.

ಅಪ್ಪ ಕೆಲಸಕ್ಕೆ ಮರಳಿದ. ಒಂದು ವಾರವಾಗಿರಲಿಲ್ಲ, ಕೈ ಮತ್ತೆ ಒಡೆದು ರಕ್ತ ಬಂತು. ಈಗ ಬೈಯಲು ಅಡುಗೆಮನೆಯಲ್ಲಿ ಅವಳಿರಲಿಲ್ಲ. ನಾನೇ ಚರ್ಮದ ಡಾಕ್ಟರ ಬಳಿಗೆ ಎಳೆದುಕೊಂಡು ಹೋದೆ. ಅವರು ಅವನ ಬೆನ್ನಿಗೆ ಒಂದೊಂದು ವಸ್ತು ಸವರಿದ ಸಣ್ಣ ಸಣ್ಣ ಪಟ್ಟಿಗಳನ್ನು ಅಂಟಿಸಿ ಎರಡು ದಿನ ಬಿಟ್ಟು ಬರಹೇಳಿದರು. ಪಟ್ಟಿ ಕಿತ್ತಾಗ ಒಂದೇ ಒಂದು ಜಾಗ ಕೆಂಪಗೆ ಉಬ್ಬಿತ್ತು.

"ಸಿಮೆಂಟಿನಲ್ಲಿರೋ ಕ್ರೋಮಿಯಂ. ಅಲರ್ಜಿ ಹೀಗೇನೇ, ವರ್ಷಗಟ್ಟಲೆ ಸುಮ್ಮನಿದ್ದು ಒಂದು ದಿನ ಶುರುವಾಗುತ್ತೆ. ಆ ಕೆಲಸ ಬಿಡೋದು ಒಳ್ಳೇದು. ಆಗದಿದ್ರೆ ಒಳಗೆ ಹತ್ತಿ ಗ್ಲೌಸು, ಮೇಲೆ ಉದ್ದನೆ ರಬ್ಬರಿನದು ಹಾಕಿ. ಈ ಮುಲಾಮು ನಾನು ಹೇಳಿದಷ್ಟೇ ದಿನ ಹಚ್ಚಿ."

"ಊಟದ ಪಥ್ಯ?" ಅಪ್ಪ ಕೇಳಿದ.

"ಏನೂ ಬೇಡ. ಇದಕ್ಕೂ ಊಟಕ್ಕೂ ಸಂಬಂಧ ಇಲ್ಲ."

ಅಪ್ಪ ಅದನ್ನೇ ಇನ್ನೂ ಎರಡು ಸಲ ಕೇಳಿದ. ಡಾಕ್ಟರು ಅದನ್ನೇ ಎರಡು ಸಲ ಹೇಳಿದರು.

ಮನೆಗೆ ಬಂದವನೇ ಒದ್ದೆ ಬಟ್ಟೆ ಹಿಡಿದು ಅಡುಗೆಮನೆ ಬಾಗಿಲ ಹಿಂದೆ ನಿಂತ. ಹದಿನೇಳು ಹೆಸರುಗಳಿದ್ದವು, ಎಲ್ಲವೂ ಅವಳ ಅಕ್ಷರ.

"ಒರೆಸಬೇಡ" ಎಂದೆ. "ಅದನ್ನ ನೋಡ್ಕೊಂಡೇ ಊಟ ಮಾಡು."

ಅವನು ಬಟ್ಟೆ ಕೆಳಗಿಟ್ಟು ತಟ್ಟೆಯ ಮುಂದೆ ಕೂತ. ನಾನು ಬದನೆಕಾಯಿ ಬಡಿಸಿದೆ.